ಎಂಬತ್ತೆಂಟು

ಹೊಸದಾಗಿ ಮೆಡಿಕಲ್ ಸೇರಿದವರನ್ನು ಎರಡು ವಾರ ವೃದ್ಧಾಶ್ರಮಕ್ಕೆ ಹಾಕಿದ್ದರು. ಅವರಲ್ಲಿ ಒಬ್ಬ ಹುಡುಗಿಯ ಪಾಲಿಗೆ ಬಂದದ್ದು ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ. ದಿನಾ ನಾಡಿ ಎಣಿಸಿ ಚಾರ್ಟಿನಲ್ಲಿ ಬರೆಯಬೇಕು, ಅಷ್ಟೇ.

ಅಜ್ಜಿ ಒಂದು ಕಾಲದಲ್ಲಿ ನರ್ಸ್ ಆಗಿದ್ದವರು. ಮೊದಲ ದಿನವೇ ಗದರಿದ್ದರು.

"ಹೆಬ್ಬೆರಳು ಇಡ್ಬೇಡ ಮಗಾ, ಅದರಲ್ಲೂ ನಾಡಿ ಬಡಿಯತ್ತೆ. ನಂದು ಅಂತ ನಿಂದೇ ಎಣಿಸ್ಕೊಂಡು ಕೂತಿರ್ತೀಯ."

ಐದನೆಯ ದಿನ ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದರು. ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ಫ್ಯಾನಿನ ಗಾಳಿಗಿರಬೇಕು, ಕೈ ತಣ್ಣಗಿತ್ತು. ಎಷ್ಟು ಹುಡುಕಿದರೂ ನಾಡಿ ಸಿಗಲಿಲ್ಲ. ಹೊರಗೆ ಕಾಲೇಜಿನ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಹಿಡಿತ ಬದಲಿಸಿ ಗಟ್ಟಿಯಾಗಿ ಒತ್ತಿದಾಗ ಸಿಕ್ಕಿತು. ಎಣಿಸಿದಳು. ಹಿಡಿದ ಕೈ ಬಿಡದೆಯೇ ಬಲಗೈಯಲ್ಲಿ ಬರೆದಳು: ಎಂಬತ್ತೆಂಟು.

ಸಿಸ್ಟರ್ ಬಂದು ಚಾರ್ಟ್ ನೋಡಿದರು.

"ಇದು ಯಾವಾಗ ಬರೆದದ್ದು?"

"ಈಗ್ಲೇ ಸಿಸ್ಟರ್. ಚೆನ್ನಾಗಿ ಬಡೀತಿದೆ."

ಸಿಸ್ಟರ್ ಚಾರ್ಟನ್ನು ಕೆಳಗಿಟ್ಟರು.

"ಅವರು ಹೋಗಿ ಒಂದು ಗಂಟೆ ಆಯ್ತಮ್ಮ. ಡಾಕ್ಟರ್ ನೋಡಿ ಹೋದ್ರು. ಮಗಳು ಬರಲಿ ಅಂತ ಹಾಗೇ ಮಲಗಿಸಿದೀವಿ."

ಅವಳು ಕೆಳಗೆ ನೋಡಿದಳು. ಅಜ್ಜಿಯ ಮಣಿಕಟ್ಟಿನ ಮೇಲೆ ಅವಳ ಹೆಬ್ಬೆರಳಿತ್ತು. ಅದರಡಿ ನಾಡಿ ಇನ್ನೂ ಬಡಿಯುತ್ತಲೇ ಇತ್ತು, ಮೊದಲಿಗಿಂತ ಜೋರಾಗಿ.