ಸಂಜೆಯ ಪಾಳಿ

ಗೂಡಿನೊಳಗೆ ಕೈ ಹಾಕಿದ ಕೂಡಲೇ ಹೆಣ್ಣು ಪಾರಿವಾಳ ರೆಕ್ಕೆಯಿಂದ ರಪ್ಪನೆ ಬಡಿಯಿತು. ಅವಳು ಕೈ ಹಿಂದೆಗೆಯಲಿಲ್ಲ. ಗಂಡನನ್ನು ಮಣ್ಣು ಮಾಡಿದ ಮೇಲೆ ಮನೆ ತುಂಬಿಕೊಂಡಿದ್ದ ನೆಂಟರೆಲ್ಲ ನಿನ್ನೆ ಹೊರಟುಹೋಗಿದ್ದರು. ಹೊರಡುವಾಗ ಒಬ್ಬೊಬ್ಬರೂ ತಲೆ ಸವರಿ, "ಅಭ್ಯಾಸ ಆಗುತ್ತಮ್ಮ" ಎಂದಿದ್ದರು. ಬೀದಿಯ ಕೊನೆಯ ಮನೆಯ ದರ್ಜಿಯೂ ಅದನ್ನೇ ಹೇಳಿದ್ದ. ಈ ಹೆಣ್ಣು ಹಕ್ಕಿ ಅವನದು. ತನ್ನ ಒಂಟಿ ಗಂಡು ಹಕ್ಕಿಗೆ ಜೋಡಿಯಾಗಲೆಂದು ಅವಳ ಗಂಡ ಅದನ್ನು ಕೇಳಿ ತಂದಿದ್ದ.

ಸಾವಾದಾಗಿನಿಂದ ಹಕ್ಕಿಗಳಿಗೆ ಕಾಳು ಹಾಕಲು ಬೆಳಿಗ್ಗೆ ಅವಳ ಮನೆಯ ತಾರಸಿಗೆ ಬರುತ್ತಿದ್ದ ದರ್ಜಿ ಗಾಬರಿಯಾದ. "ಅಯ್ಯೋ, ಈಗ್ಯಾಕೆ ತಂಗಿ? ನಾನೇನು ಕೇಳಿದ್ನಾ? ಮರಿ ಆಗ್ಲಿ ಬಿಡು. ಮೊಟ್ಟೆ ಇಟ್ಟ ದಿನ ನಿಮ್ಮೆಜಮಾನ್ರು ತಾವೇ ಇಟ್ಟೋರ ಹಾಗೆ ಬೀಗ್ತಿದ್ರು."

"ಮರಿ ಆದ್ಮೇಲೆ ವಾಪಸ್ ಕೊಡ್ತೀನಿ ಅಂತ ಅವರೇ ಅಂದಿದ್ರಲ್ಲ ಅಣ್ಣ, ಈಗ್ಲೇ ತಗೊಂಡು ಹೋಗಿ. ಒಳಗೆ ಕೂಡಿಹಾಕಿ, ಮತ್ತೆ ಹಾರಿ ಬರಬಾರದು."

ಅವಳು ಹಕ್ಕಿಯನ್ನು ಮೇಲೆತ್ತಿದಳು. ಅದರ ಹೊಟ್ಟೆಯ ಬಿಸಿ ಬೆರಳಿಗೆ ತಾಗಿತು. ಕೆಳಗೆ ಎರಡು ಮೊಟ್ಟೆಗಳು ಬಯಲಾದವು. ಗೋಡೆಯ ಮೇಲಿದ್ದ ಗಂಡು ಹಕ್ಕಿ, ಹೆಣ್ಣಿನ ರಾತ್ರಿ ಪಾಳಿ ಮುಗಿದು ತನ್ನ ಹಗಲು ಪಾಳಿ ಇವತ್ತು ಬೇಗನೆ ಬಂತೆಂದುಕೊಂಡಿತೋ ಏನೋ, ತಲೆ ಆಡಿಸುತ್ತ ಗೂಡಿಗೆ ನಡೆದು ಬಂದು ಕಾವಿಗೆ ಕೂತಿತು.

ದರ್ಜಿ ತನ್ನ ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅದರ ಎದೆ ಡವಗುಟ್ಟುತ್ತಿತ್ತು. "ಸಂಜೆ ಪಾಳಿ ಬಿಡಿಸೋಕೆ ಇದೇ ಬರಬೇಕು ತಂಗಿ. ಬರದಿದ್ರೆ ಆ ಗಂಡು ಗೂಡಿನ ಬಾಗಿಲು ನೋಡ್ಕೊಂಡು ಕಾಯ್ತಾನೇ ಇರುತ್ತೆ, ಪಾಪ."

"ಅಭ್ಯಾಸ ಆಗುತ್ತಣ್ಣ," ಎಂದಳು ಅವಳು.