ಸೇಫ್ ಮೋಡಿನ ಅಜ್ಜಿ

"ಎರಡು ಡುಬ್ಬದ ಒಂಟೆ ಗೊತ್ತಲ್ಲ ಅಜ್ಜಿ? ಅದನ್ನ ಕಾಲು ಮೇಲೆ ಮಾಡಿ ಮಲಗಿಸಿ. ಹಂಗೆ ಕಾಣೋ ಅಕ್ಷರ ಒತ್ತಿ."

ಫೋನಿನ ಆ ತುದಿಯಲ್ಲಿ, ಬೆಟ್ಟಗಳಾಚೆಯ ನಾರಿನ್ ಊರಿನ ಉರ್ಕುಯಾ ಅಜ್ಜಿ ಕೀಲಿಮಣೆಯಲ್ಲಿ ಒಂಟೆ ಹುಡುಕತೊಡಗಿದಳು. ಈ ತುದಿಯಲ್ಲಿ, ರಾಜಧಾನಿ ಬಿಷ್ಕೆಕ್‌ನ ಬಾಡಿಗೆ ಕೋಣೆಯೊಂದರಲ್ಲಿ, ಎಸೆನ್ ಹಣೆ ಒರೆಸಿಕೊಂಡ. ಕಂಪ್ಯೂಟರ್ ಎಂಜಿನಿಯರಿಂಗ್ ಓದಿದ್ದಕ್ಕೆ ಸಿಕ್ಕ ಪದವಿಪತ್ರ ಅವನ ತಾಯಿಯ ಅಡುಗೆಮನೆಯಲ್ಲಿ ತೂಗುತ್ತಿತ್ತು. ಪದವೀಧರ ಈಗ ಒಂಟೆ ಮಲಗಿಸುತ್ತಿದ್ದ.

ಬೆಳಿಗ್ಗೆ ಕರೆ ಮಾಡಿದವನು ಅವನೇ. ದಿನವೂ ಹೇಳುವ ಮಾತನ್ನೇ ಹೇಳಿದ್ದ: ಕಂಪ್ಯೂಟರ್ ಸುರಕ್ಷತಾ ವಿಭಾಗದಿಂದ ಆದಿಲೆಟ್ ಮಾತಾಡುತ್ತಿದ್ದೇನೆ. ಆ ಕೋಣೆಯಲ್ಲಿ ಎಲ್ಲರಿಗೂ ಫೋನಿಗೊಂದು ಬೇರೆ ಹೆಸರು. ಆ ಮಾತು ಕೇಳಿದವರಲ್ಲಿ ಹೆಚ್ಚಿನವರು ಫೋನ್ ಕುಕ್ಕುತ್ತಿದ್ದರು, ಕೆಲವರು ಅವನ ವಂಶದವರನ್ನೆಲ್ಲ ನೆನೆಯುತ್ತಿದ್ದರು. ಉರ್ಕುಯಾ ಅಜ್ಜಿ ಮಾತ್ರ, "ಒಳ್ಳೇ ಹೊತ್ತಿಗೆ ಮಾಡಿದೆ ಮಗಾ, ಕೂತ್ಕೊಂಡು ಮಾತಾಡು," ಎಂದಿದ್ದಳು.

ಅವಳ ಕಷ್ಟ ದೊಡ್ಡದಿತ್ತು. ಅಳಿಯ ಏನೋ ಆಟ ತುಂಬಿ ಹೋದ ಮೇಲೆ ಕಂಪ್ಯೂಟರಿನ ಪರದೆ ಕಪ್ಪಾಗಿ ನಿಲ್ಲುತ್ತಿತ್ತು. ಸೇಫ್ ಮೋಡಿನಲ್ಲಿ ಎಬ್ಬಿಸಿದರೆ ಮಾತ್ರ ಏಳುತ್ತಿತ್ತು. ಕಾಯಿಲೆ ಬಿದ್ದ ಯಂತ್ರವನ್ನು ಅರ್ಧ ಎಚ್ಚರದಲ್ಲಿಟ್ಟು ಪರೀಕ್ಷಿಸುವ ಸ್ಥಿತಿ ಅದು. ಆ ಅರ್ಧ ಎಚ್ಚರದಲ್ಲಿ ವೈಫೈ ಮಲಗಿಯೇ ಇರುತ್ತಿತ್ತು. ಅತ್ತ ಪರದೇಶದ ಯೆಕತೆರಿನ್‌ಬುರ್ಗ್‌ನಲ್ಲಿ ಬಟ್ಟೆ ಹೊಲಿಯುವ ಮಗಳು ಬುರುಲ್ ಹೆಣ್ಣು ಹೆತ್ತಿದ್ದಳು. ಕೂಸಿನ ಫೋಟೋ ಕಳಿಸಿ, ಇವತ್ತು ಮಧ್ಯಾಹ್ನ ನೆಂಟರೆಲ್ಲ ಸೇರುತ್ತಾರೆ, ಹೆಸರು ನೀನೇ ಹೇಳಬೇಕು ಎಂದಿದ್ದಳು. ಅಜ್ಜಿಯದು ಬರೀ ಮಾತಿಗಾಗುವ ಹಳೇ ಫೋನು. "ಮುಖ ನೋಡದೆ ಹೆಸರಿಡೋದು ಹೆಂಗಪ್ಪ, ಅದೇನು ಕುರಿಮರಿನಾ?"

ಎಸೆನ್‌ಗೂ ಇಂಟರ್‌ನೆಟ್ ಬೇಕಿತ್ತು. ಅದು ಬಂದರೆ ತಾನೇ ಇಲ್ಲಿಂದ ಅವಳ ಕಂಪ್ಯೂಟರಿನೊಳಗೆ ಹೊಕ್ಕು ನೋಡಲು ಸಾಧ್ಯ. ಈ ವಾರ ಒಂದು ಕೆಲಸವೂ ಅವನ ಕೈಯಲ್ಲಿ ದಡ ಮುಟ್ಟಿರಲಿಲ್ಲ. ಇವತ್ತೂ ಹೀಗೇ ಆದರೆ ನಾಳೆ ಕುರ್ಚಿ ಬೇರೆಯವರಿಗೆ ಎಂದು ಮೇಲ್ವಿಚಾರಕ ಮೆಲಿಸ್ ಹೇಳಿಯಾಗಿತ್ತು.

ತಂತಿ ಎಳೆದರೆ ಸುಲಭವಾಗುತ್ತದೆ ಎಂದು ಎಸೆನ್ ಸೂಚಿಸಿದ. ವೈಫೈ ಪೆಟ್ಟಿಗೆ ಇರುವುದು ಗೋಡೆಯಾಚೆ ಗುಲ್ಸುನ್ ಮನೆಯಲ್ಲಿ, ನಡುವೆ ಅವಳ ನಾಯಿ, ಆ ನಾಯಿಗೆ ತಂತಿ ಕಂಡರೆ ಹಸಿವು ಎಂದು ಅಜ್ಜಿ ವಿವರಿಸಿದಳು. ವೈಫೈ ನಡೆಸುವ ಸೇವೆಯನ್ನು ಕೈಯಿಂದಲೇ ಶುರು ಮಾಡಿಸಿ ನೋಡಿದ. ಸೇಫ್ ಮೋಡಿನಲ್ಲಿ ಇದು ಆಗದು ಎಂದು ಯಂತ್ರ ಕಡ್ಡಿ ಮುರಿದಂತೆ ಹೇಳಿತು. ಕೊನೆಗೆ ಉಳಿದದ್ದು ಒಂದೇ ದಾರಿ: ಸೇಫ್ ಮೋಡಿನಲ್ಲೂ ಏಳಬೇಕಾದವರ ಸಾಲು ಯಂತ್ರದ ಹೊಟ್ಟೆಯೊಳಗೆಲ್ಲೋ ಇರುತ್ತದೆ, ಅದರಲ್ಲಿ ವೈಫೈ ಸೇವೆಯ ಹೆಸರನ್ನೂ ಸೇರಿಸುವುದು. ಆ ಹೆಸರು ಇಂಗ್ಲಿಷಿನಲ್ಲಿತ್ತು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೀಗೆ ಒಂಟೆ ಬಂತು. ಅದರ ಹಿಂದೆ ಕೋಲು ಬಂತು, ಒಂದು ಡುಬ್ಬದ ಒಂಟೆ ಬಂತು, ಹಾವು ಬಂತು, ರೆಕ್ಕೆ ಎತ್ತಿದ ಹದ್ದು ಬಂತು, ಕುದುರೆ ಲಾಳ ಬಂತು.

ಯಂತ್ರ ಆರಿಸಿ ಎಬ್ಬಿಸಿದರು. ವೈಫೈ ಏಳಲಿಲ್ಲ.

ಬರೆದದ್ದನ್ನು ಒಂದೊಂದಾಗಿ ಓದಿಸಿದಾಗ ತಪ್ಪು ಸಿಕ್ಕಿತು. ನಡುವೆ ಒಂದು ಕಡೆ ಅಜ್ಜಿ ಒಂದು ಡುಬ್ಬದ ಬದಲು ಎರಡು ಡುಬ್ಬದ ಅಕ್ಷರ ಒತ್ತಿದ್ದಳು. ಅದು ಬೇರೆ ಜಾತಿಯ ಒಂಟೆ ಎಂದು ಎಸೆನ್ ತಿಳಿಹೇಳಿದ.

"ನಮ್ಮ ಕಡೆ ಒಂದು ಡುಬ್ಬದ್ದು ಎಲ್ಲಿದೆ ಮಗಾ? ನಾನು ನೋಡೇ ಇಲ್ಲ."

ಅವನಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಕುರ್ಚಿಗಳವರು ಇವನ ಕಡೆ ತಿರುಗಿ ನೋಡಿದರು. ಮೆಲಿಸ್ ದೂರದಿಂದಲೇ ಗಡಿಯಾರ ತೋರಿಸಿದ. ಬೇರೆ ಯಾರಾದರೂ ಆಗಿದ್ದರೆ ಈ ಮುದುಕಿಯನ್ನು ಆಗಲೇ ಕೈಬಿಟ್ಟು ಮುಂದಿನವರಿಗೆ ಫೋನ್ ಹಚ್ಚುತ್ತಿದ್ದರು. ಎಸೆನ್‌ಗೆ ಅದು ಆಗಲಿಲ್ಲ. ಬಿಟ್ಟು ಹೋಗಬೇಕಾದಲ್ಲಿ ಬಿಡಲಾರದೆ ಕೂರುವುದು ಅವನ ಹುಟ್ಟುಗುಣ. ಹಾಗಿದ್ದದ್ದಕ್ಕೇ ತಾನು ಎಲ್ಲೂ ಉದ್ಧಾರವಾಗಲಿಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ, ಎರಡನೇ ಡುಬ್ಬ ಅಳಿಸುವುದು ಹೇಗೆಂದು ಹೇಳಿಕೊಟ್ಟ.

ಮತ್ತೆ ಆರಿಸಿ ಎಬ್ಬಿಸಿದರು.

"ಮೂಲೆಯಲ್ಲಿ ಬೀಸಣಿಗೆ ಥರ ಏನೋ ಮೂಡಿದೆ ಮಗಾ."

ಎಸೆನ್ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಪದವಿಪತ್ರ ಕೈಗೆ ಬಂದ ದಿನವೂ ಅವನ ಎದೆ ಹೀಗೆ ಉಬ್ಬಿರಲಿಲ್ಲ. ಕುರುಡು ಯಂತ್ರ, ಇಂಗ್ಲಿಷ್ ಬಾರದ ಮುದುಕಿ, ನಡುವೆ ಇಷ್ಟೊಂದು ಬೆಟ್ಟ. ಆದರೂ ವೈಫೈ ಎದ್ದಿತ್ತು. ಮೆಲಿಸ್ ಬೆರಳಾಡಿಸಿ ಸನ್ನೆ ಮಾಡಿದ: ಮುಂದಿನ ಕೆಲಸ.

ಆದರೆ ಅಜ್ಜಿ ಆಗಲೇ ಮಗಳ ಇಮೇಲ್ ತೆರೆದಿದ್ದಳು. ಫೋಟೋ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ಹಣೆ ಬಂತು ಎಂದಳು, ಹುಬ್ಬು ಬಂತು ಎಂದಳು, ಮೂಗು ಬಂತು ಎಂದಳು. ಅದು ಅಜ್ಜಿಯ ತಾಯಿಯ ಮೂಗಂತೆ. ಆಮೇಲೆ ಆ ಕೂಸಿಗೇ ಕೇಳಿಸುವಂತೆ ಮೆಲ್ಲಗೆ, ನುರಾಯಿಮ್, ನುರಾಯಿಮ್ ಎಂದು ಕರೆದಳು.

ಎಸೆನ್‌ನ ಕಣ್ಣು ಒದ್ದೆಯಾಯಿತು. ಎಂಥ ಮಂಕನಪ್ಪಾ ನಾನು ಎಂದುಕೊಂಡ. ಮೆಲಿಸ್ ಹಿಂದೆ ಬಂದು ಭುಜ ಒತ್ತಿದ. ಎಸೆನ್, ಇನ್ನು ಒಂದು ಸಣ್ಣ ಕೆಲಸ ಉಳಿದಿದೆ ಎಂದ. ಪರದೆಯ ಮೇಲೆ ತಾನು ಹೇಳುವ ಕಿಟಕಿಯನ್ನು ತೆರೆದು, ಅದರಲ್ಲಿ ಕಾಣುವ ನಂಬರನ್ನು ಓದಿ ಹೇಳಿದರೆ ಸಾಕು; ಆಮೇಲೆ ತಾನೇ ಇಲ್ಲಿಂದ ಅವಳ ಕಂಪ್ಯೂಟರಿನೊಳಗೆ ಬರಬಹುದು.

ಅತ್ತ ಚಹಾ ಹೀರಿದ ಸದ್ದು ಕೇಳಿಸಿತು.

"ಅದೊಂದು ಬೇಡ ಬಿಡು ಮಗಾ," ಎಂದಳು ಉರ್ಕುಯಾ ಅಜ್ಜಿ, ಮಗನಿಗೆ ಹೇಳುವಷ್ಟೇ ಅಕ್ಕರೆಯಿಂದ. "ರಿಪೇರಿಯವನು ಬರಲ್ಲ ಅಂದ, ನಿಜವಾದ ಸಹಾಯವಾಣಿಯವರು ಫೋನೇ ಎತ್ತಲ್ಲ; ಕೆಲಸ ಮುಗಿಯೋವರೆಗೂ ಬೇಜಾರಿಲ್ಲದೆ ಹೇಳಿಕೊಡೋರು ಅಂದ್ರೆ ಕಳ್ಳರು ಮಾತ್ರ ಅಂತ ಗುಲ್ಸುನ್ ಹೇಳಿದ್ಲು, ಅದಕ್ಕೇ ಮೊನ್ನೆಯಿಂದ ನಿಮ್ಮೋರ ಫೋನಿಗೇ ಕಾಯ್ತಾ ಕೂತಿದ್ದೆ."