ಏಣಿಯ ಕೆಳಗೆ

“ಕೆಲಸ ಕಲಿಸಿದವಳ ಬೆನ್ನಿಗೇ ಚೂರಿ ಹಾಕಿದ್ಯಲ್ಲೇ,” ಎಂದು ಅಕ್ಕ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಜೊತೆಯಲ್ಲಿ ಗೋಡೆಗೆ ಬಣ್ಣ ಹೊಡೆಯುತ್ತಿದ್ದ ತಂಗಿ, ನಾಳೆಯಿಂದ ಬೇರೆ ಮೇಸ್ತ್ರಿಯ ಕಡೆ ಹೋಗುತ್ತೇನೆ ಎಂದಿದ್ದೇ ತಪ್ಪಾಗಿತ್ತು.

ತಂಗಿಗೆ ಮೈಯೆಲ್ಲ ಉರಿದುಹೋಯಿತು. “ಅಂಥ ಮಾತಾಡಿದ್ಮೇಲೆ ನನ್ನ ಮುಖ ನೋಡ್ಬೇಡ,” ಎಂದವಳೇ ಬ್ರಷ್ಷನ್ನು ಡಬ್ಬಕ್ಕೆ ಎಸೆದು ಹೊರಟಳು.

ಅಕ್ಕ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಏಣಿ ಹಿಡಿಯಲು ಬಂದ ಮನೆಯೊಡೆಯನಿಗೆ, “ನೀವು ಬಿಡಿ ಸ್ವಾಮಿ, ನಿಮ್ಮನ್ನ ನಂಬಿ ಹತ್ತಕ್ಕಾಗಲ್ಲ,” ಎಂದಳು. ಮೇಲೆ ಹತ್ತದೆ ಅಲ್ಲೇ ನಿಂತಳು.

“ಎಲ್ಲಿಗೆ ಹೊರಟೆ? ಬಂದು ಹಿಡ್ಕೊಳ್ಳೇ.”

ತಂಗಿ ಹಲ್ಲು ಕಚ್ಚಿಕೊಂಡು ಬಂದು, ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಅಕ್ಕ ಬೈಯುತ್ತಲೇ ತುದಿಯವರೆಗೂ ಹತ್ತಿದಳು. ಕೆಳಗೆ ಒಮ್ಮೆಯೂ ತಿರುಗಿ ನೋಡಲಿಲ್ಲ.